ಎರಡೂ ಎಡಗಾಲಿನವು

ಡಬ್ಬಿಯಲ್ಲಿದ್ದ ಶೂಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಶೂ ಕಾರ್ಖಾನೆಯ ದೂರು ವಿಭಾಗದ ಗುಮಾಸ್ತೆ ಕತ್ತು ವಾಲಿಸಿ ನೋಡಿದಳು. ಎರಡೂ ಎಡಗಾಲಿನವು. ಶಾಲೆಗೆ ಹಾಕಿಕೊಳ್ಳುವ ಕಪ್ಪು ಶೂ, ಒಂದನೇ ನಂಬರಿನದು. ಜೊತೆಗೆ ನೋಟ್‌ಬುಕ್ಕಿನಿಂದ ಹರಿದ ಹಾಳೆ, ದಪ್ಪ ದಪ್ಪ ಅಕ್ಷರ: ‘ನನ್ನ ಬಲಗಾಲಿನದು ಯಾರ ಹತ್ತಿರ ಇದೆ?’

ಆ ತಿಂಗಳಲ್ಲಿ ಅದು ಒಂಬತ್ತನೆಯ ದೂರು. ಹಿಂದಿನ ಎಂಟಕ್ಕೂ ಅವಳು ಅಚ್ಚಾದ ಕ್ಷಮಾಪಣೆ ಪತ್ರ ಕಳಿಸಿ ಫೈಲು ಮುಚ್ಚಿದ್ದಳು. ಈ ಪ್ರಶ್ನೆಗೆ ಅಚ್ಚಾದ ಉತ್ತರವಿರಲಿಲ್ಲ.

“ಸರ್, ಎರಡು ಎಡ ಇಲ್ಲಿದ್ರೆ ಎರಡು ಬಲ ಇನ್ನೆಲ್ಲೋ ಇರಬೇಕಲ್ವಾ?”

ಮ್ಯಾನೇಜರು ತಲೆಯೆತ್ತಲಿಲ್ಲ. “ಹುಡುಕಿ ಏನ್ಮಾಡ್ತೀರಮ್ಮಾ? ಇನ್ನೊಂದು ತಪ್ಪಾದ್ರೆ ನಿಮ್ಮ ಸಹವಾಸವೇ ಬೇಡ ಅಂದಿದಾರೆ ದೊಡ್ಡ ಅಂಗಡಿಯೋರು. ನಾಳೆಯಿಂದ ಪ್ಯಾಕಿಂಗ್ ಹೊರಗಡೆ ಕಂಟ್ರಾಕ್ಟಿಗೆ. ಕೆಳಗಡೆ ಪ್ಯಾಕಿಂಗಿನೋರಿಗೂ ಹೇಳಾಯ್ತು.”

“ಏನಂದ್ರು?”

“ಏನೂ ಅನ್ನಲಿಲ್ಲ.”

ಅವಳಿಗೆ ಅದೇ ವಿಚಿತ್ರವೆನಿಸಿತು. ಕೆಲಸ ಹೋಗುತ್ತದೆಂದರೂ ಏನೂ ಅನ್ನದವರು ಹೇಗಿರುತ್ತಾರೆ? ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಪ್ಯಾಕಿಂಗ್ ವಿಭಾಗದ ಮೆಟ್ಟಿಲಿಳಿದಳು. ಆರು ವರ್ಷದಲ್ಲಿ ಆ ಮೆಟ್ಟಿಲಿಳಿದದ್ದು ಅದೇ ಮೊದಲು.

ಪ್ಯಾಕಿಂಗ್ ಮೇಜಿನ ಆಚೆಗೊಬ್ಬಳು, ಈಚೆಗೊಬ್ಬಳು ಹೆಂಗಸು. ನಡುವೆ ಆಳೆತ್ತರದ ಪ್ಲೈವುಡ್ ಹಲಗೆ. ಆಚೆಯವಳು ಎಡಗಾಲಿನ ಶೂ ಇಟ್ಟು ಹಲಗೆಯ ಕಿಂಡಿಯಿಂದ ಡಬ್ಬಿ ತಳ್ಳುತ್ತಿದ್ದಳು; ಈಚೆಯವಳು ಬಲಗಾಲಿನದನ್ನಿಟ್ಟು ಮುಚ್ಚಳ ಹಾಕುತ್ತಿದ್ದಳು. ಕಾರ್ಖಾನೆಗೆಲ್ಲ ಅವರು ಎಡಕ್ಕ, ಬಲಕ್ಕ.

“ಇದು ನಿಮ್ಮ ಕೈಯಿಂದ ಹೋಗಿದ್ದಾ ಅಕ್ಕಾ?”

ಬಲಕ್ಕ ಓರೆಗಣ್ಣಲ್ಲಿ ನೋಡಿದಳು. “ಹೋಗಿರುತ್ತೆ. ಬುಟ್ಟೀಲೇ ಅದಲು ಬದಲಾಗಿ ಬರುತ್ತೆ.”

“ಕಣ್ಣಿಗೆ ಬೀಳಲ್ವಾ?”

“ಯಾಕೆ ಬೀಳಲ್ಲ? ಮೊದಲ ಸಲ ಎದ್ದು ಹೋಗಿ ಮೇಲಿನೋರಿಗೆ ಹೇಳ್ದೆ. ‘ನಿನ್ನ ಕೆಲಸ ನೀನು ನೋಡ್ಕೋ’ ಅಂದ್ರು. ಆವತ್ತಿಂದ ನೋಡ್ಕೊಳ್ತಿದೀನಿ.”

ಹಲಗೆಯಾಚೆಯಿಂದ ಎಡಕ್ಕ ನಕ್ಕಳು. “ಹುಟ್ಟಿದಾಗಿಂದ ಯಾರ ಮಾತೂ ಕೇಳದೋಳು, ಅದೊಂದು ಕೇಳಿಬಿಟ್ಲು ನೋಡಿ!”

“ಈ ಹಲಗೆ ಯಾಕೆ?”

“ನಮಗೆ ಮಾತು ಜಾಸ್ತಿಯಂತೆ. ಮುಂಚೆ ನಾನು ‘ಎಡ’ ಅಂತಿದ್ದೆ, ಅವಳು ‘ಬಲ’ ಅಂತಿದ್ಲು. ಮಧ್ಯದಲ್ಲಿ ನನ್ನ ಮಂಡಿನೋವು, ಅವಳ ಸೊಸೆ ವಿಚಾರ. ಒಂದು ಜೊತೆ ತಪ್ಪಿದ್ದಿಲ್ಲ.”

“ಸೊಸೆ ವಿಚಾರ ಕೆದಕ್ತಿದ್ದಿದ್ದು ನೀನು,” ಎಂದಳು ಬಲಕ್ಕ.

“ನಾಳೆ ಈ ಕೆಲಸಾನೇ ಹೋಗುತ್ತಲ್ಲಾ ಅಕ್ಕಾ?”

“ಹಲಗೆ ಬಂದ ದಿನವೇ ಹೋಯ್ತು ಬಿಡು ತಾಯಿ,” ಎಂದಳು ಬಲಕ್ಕ.

ಗುಮಾಸ್ತೆ ಡಬ್ಬಿಯಲ್ಲಿದ್ದ ಆ ಹಾಳೆ ತೆಗೆದು ಕೊಟ್ಟಳು. ಬಲಕ್ಕ ಅದನ್ನು ಗಟ್ಟಿಯಾಗಿ ಓದಿದಳು. ಆಮೇಲೆ ಕಿಂಡಿಯಿಂದ ಡಬ್ಬಿ ಬರಲಿಲ್ಲ. ಎಡಕ್ಕ ಮಂಡಿ ಹಿಡಿದುಕೊಂಡು ಎದ್ದು, ಹಲಗೆ ಬಳಸಿ ಬಂದು, ಡಬ್ಬಿಯ ಮೇಲಿನ ಸಂಖ್ಯೆ ನೋಡಿದಳು.

“ಇದರ ಜೊತೆ ತುಂಬಿದ ಡಬ್ಬಿಗಳಲ್ಲಿ ಅರ್ಧ ಇನ್ನೂ ಮೂಲೇಲೇ ಬಿದ್ದಿವೆ ಕಣೇ.”

“ಇಷ್ಟೊಂದು ಬಿಚ್ಚಿ ನೋಡೋಕೆ ಜಾಗ?” ಎಂದ ಬಲಕ್ಕ ಹಲಗೆಯನ್ನೇ ದಿಟ್ಟಿಸಿದಳು. ತನ್ನ ಊಟದ ಚೀಲಕ್ಕೆ ಕೈಹಾಕಿ ಸ್ಕ್ರೂಡ್ರೈವರ್ ತೆಗೆದಳು. “ಎಂಟು ತಿಂಗಳಿಂದ ಹೊತ್ಕೊಂಡು ತಿರುಗ್ತಿದೀನಿ.”

ಮ್ಯಾನೇಜರು ಕಂಟ್ರಾಕ್ಟಿನ ಫೈಲು ಹಿಡಿದು ಇಳಿದು ಬರುವಷ್ಟರಲ್ಲಿ ಹಲಗೆ ಎರಡು ಸ್ಟೂಲುಗಳ ಮೇಲೆ ಅಡ್ಡ ಮಲಗಿತ್ತು. ಅದರ ತುಂಬ ಬಾಯಿ ತೆರೆದ ಡಬ್ಬಿಗಳು.

“ಯಾರನ್ನ ಕೇಳಿ ಬಿಚ್ಚಿದ್ರಿ ಇದನ್ನ?”

“ಸ್ವಲ್ಪ ಅತ್ತ ಸರೀರಿ ಸಾರ್, ಬೆಳಕಿಗೆ ಅಡ್ಡ ಬರ್ತಿದೀರಾ,” ಎಂದಳು ಬಲಕ್ಕ.

ಅವರು ಸರಿದು ನಿಂತರು.

“ಎಡ.”

“ಬಲ.”

“ಎಡ.”

“ಬಲ. ನಿನ್ನ ಮಂಡಿ ಹೇಗಿದೆಯೇ?”

“ಇದೆ, ಅದರ ಪಾಡಿಗೆ. ಎಡ.”

ಗುಮಾಸ್ತೆ ಖಾಲಿಯಾದ ಜಾಗಕ್ಕೆ ಡಬ್ಬಿ ಎತ್ತಿಕೊಡುತ್ತಿದ್ದಳು. ಮ್ಯಾನೇಜರ ಕಣ್ಣು ಒಂದು ಕೈಯಿಂದ ಇನ್ನೊಂದು ಕೈಗೆ ಹೋಗಿ ಬರುತ್ತಿತ್ತು.

“ಬಲ,” ಎಂದಳು ಎಡಕ್ಕ. ಅವಳ ಕೈ ಅಲ್ಲೇ ನಿಂತಿತು.

ಬಲಕ್ಕ ತನ್ನ ಕೈಯಲ್ಲಿದ್ದುದನ್ನು ತಿರುಗಿಸಿ ನೋಡಿದಳು. “ಬಲ.”

ಗುಮಾಸ್ತೆ ಅವುಗಳಲ್ಲೊಂದನ್ನು ಈಸಿಕೊಂಡು ಹಿಂದಿರುಗಿ ಬಂದಿದ್ದ ಎಡಗಾಲಿನ ಶೂ ಪಕ್ಕಕ್ಕಿಟ್ಟಳು. ಮ್ಯಾನೇಜರು ಫೈಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಬಗ್ಗಿ, ಮುಂದಿನ ಡಬ್ಬಿಯ ಮುಚ್ಚಳ ತೆಗೆದರು.