ಯೂಲಾಳ ಎರಡು ಬೆರಳು

ಮೂರನೆಯ ಹಾಡಿನ ಎರಡನೆಯ ಚರಣ ಬರುವ ಹೊತ್ತಿಗೆ ಇಮೊಜೀನಳ ಚಮಚ ತಟ್ಟೆಗೂ ಬಾಯಿಗೂ ನಡುವೆ ನಿಂತುಬಿಟ್ಟಿತು. ಚರ್ಚಿನ ಊಟದ ಹಜಾರದಲ್ಲಿ ಅರವತ್ತು ಜನ ಕೂತಿದ್ದರು. ಭಾನುವಾರದ ಪ್ರಾರ್ಥನೆ ಮುಗಿದು, ಮನೆಮನೆಯಿಂದ ತಂದ ಕೋಳಿ, ಅಲಸಂದೆ, ಮೆಕ್ಕೆಜೋಳದ ರೊಟ್ಟಿ ಎಲ್ಲವನ್ನೂ ಬಡಿಸಿಕೊಂಡಾಗಿತ್ತು. ಎದುರಿಗೆ ಕೋಲ್ಬಿ ರೇನ್ಸ್ ಬ್ಯಾಂಜೊದ ತಂತಿ ಮೀಟುತ್ತಾ, ಕಣ್ಣು ಮುಚ್ಚಿ ಹಾಡುತ್ತಿದ್ದ. ಯೂಲಾ ಎಂಬ ಹೆಂಗಸು ಒಂದು ಚೀಲ ಹಿಟ್ಟಿನ ಆಸೆಗೆ ಹತ್ತಿ ಗಿರಣಿಯ ಹಿಂದಿನ ಗೇಟು ತೆಗೆದಳಂತೆ. ಮಾಲೀಕರ ಬಂದೂಕಿನವರು ಒಳಗೆ ನುಗ್ಗಿದರಂತೆ. ಮುಷ್ಕರಕ್ಕೆ ಕೂತಿದ್ದ ಅವಳ ಗಂಡನನ್ನೇ ಗುಂಡಿಟ್ಟು ಕೊಂದರಂತೆ.

ಯೂಲಾ ಇಮೊಜೀನಳ ತಾಯಿ.

ಕೋಲ್ಬಿಯನ್ನು ಪತ್ರಿಕೆಗಳು 'ಬೇರುಗಳ ಗಾಯಕ' ಎಂದು ಕರೆಯುತ್ತವೆ. ಅವನ ತಾತ ನಮ್ಮ ಪಾಟರ್ಸ್ ಬ್ರಾಂಚ್ ಊರಿನವನೇ. ಮೊಮ್ಮಗ ಬೆಳೆದದ್ದು ಮಾತ್ರ ದೂರದ ಪಟ್ಟಣದಲ್ಲಿ. ಹನ್ನೆರಡು ಹಾಡಿನಲ್ಲಿ ಒಂದೇ ಕಥೆ ಹೇಳುವ ಆಲ್ಬಮ್ ಮಾಡುತ್ತೇನೆ, ಅಲಬಾಮದ ಗಿರಣಿ ಜನರ ನಿಜವಾದ ಕಥೆ ಬೇಕು ಎಂದು ಹೋದ ವರ್ಷ ಬಂದಿದ್ದ. ಇಮೊಜೀನಳ ಅಡುಗೆಮನೆಯಲ್ಲಿ ಮೂರು ದಿನ ಕೂತು, ಅವಳ ಕೈಯ ಬಿಸ್ಕತ್ತು ಎಂಬ ಮೆತ್ತನೆಯ ರೊಟ್ಟಿಯನ್ನು ಗ್ರೇವಿಯಲ್ಲಿ ಅದ್ದಿ ತಿಂದು, ಎಲ್ಲವನ್ನೂ ಧ್ವನಿಮುದ್ರಿಸಿಕೊಂಡಿದ್ದ.

ಎಪ್ಪತ್ತನಾಲ್ಕರ ಮುದುಕಿ ಏನನ್ನೂ ಮುಚ್ಚಿಡಲಿಲ್ಲ. ಅವಳಿಗೆ ಎಂಟು ವರ್ಷವಿದ್ದಾಗ ಗಿರಣಿಯಲ್ಲಿ ಮುಷ್ಕರವಾಯಿತು. ಬಂದೂಕಿನವರು ಹಿಂದಿನ ಗೇಟು ನೂಕಿದಾಗ ಒಳಗಿಂದ ಅದನ್ನು ತಡೆದು ನಿಂತವಳು ಯೂಲಾ. ಕಬ್ಬಿಣದ ಸಂದಿಗೆ ಸಿಕ್ಕಿ ಎಡಗೈಯ ಎರಡು ಬೆರಳು ಜಜ್ಜಿಹೋದವು, ಗೇಟು ತೆರೆಯಲಿಲ್ಲ. ಆಮೇಲೆ ಮೂವತ್ತು ವರ್ಷ ಆ ಕೈಯಲ್ಲಿ ಉಳಿದ ಮೂರು ಬೆರಳಲ್ಲೇ ಹಿಟ್ಟು ನಾದಿದಳು. ಅವಳ ಗಂಡನಿಗೆ ಯಾರೂ ಗುಂಡಿಡಲಿಲ್ಲ. ಹತ್ತಿಯ ಧೂಳು ಎದೆಗೆ ಸೇರಿ, ಹದಿನಾರು ವರ್ಷ ಕೆಮ್ಮಿ ಕೆಮ್ಮಿ ಸತ್ತ. ಕೆಮ್ಮಿ ಸತ್ತವನ ಮೇಲೆ ಹಾಡು ಕಟ್ಟಿದರೆ ಯಾರು ಕೇಳುತ್ತಾರೆ, ಅಲ್ಲವೇ?

ಮೂರನೆಯ ದಿನ ಹೊರಡುವಾಗ ಕೋಲ್ಬಿ, ಕಥೆಯನ್ನು ಅಲ್ಲಿಲ್ಲಿ ಸ್ವಲ್ಪ ಬದಲಾಯಿಸಬೇಕಾಗಬಹುದು, ಪರವಾಗಿಲ್ಲವೇ ಎಂದು ಕೇಳಿದ್ದ. ಇಮೊಜೀನ್ ಅವನ ಲೋಟಕ್ಕೆ ಇನ್ನಷ್ಟು ತಣ್ಣನೆಯ ಟೀ ಸುರಿಯುತ್ತಾ, "ನಿಂಗೆ ಹ್ಯಾಗೆ ಸರಿ ಅನ್ಸುತ್ತೋ ಹಾಗೆ ಮಾಡಪ್ಪ" ಎಂದಿದ್ದಳು. ನಮ್ಮ ಕಡೆ ಈ ಮಾತಿಗೆ 'ಕಥೆಗೆ ಕೈ ಹಚ್ಚಬೇಡ' ಎಂದೇ ಅರ್ಥ. ನಮ್ಮ ಮೇಜಿನಲ್ಲಿ ಉಣ್ಣುತ್ತಿರುವವನ ಮುಖಕ್ಕೆ ಹೊಡೆದ ಹಾಗೆ ಯಾರೂ 'ಬೇಡ' ಅನ್ನುವುದಿಲ್ಲ, ಉಣ್ಣುವವನೇ ತಿಳಿದುಕೊಳ್ಳಬೇಕು. ಐದು ವರ್ಷದ ಕೂಸಿಗೂ ಗೊತ್ತಿರುವ ಮಾತು. ಬೇರುಗಳ ಗಾಯಕ ಮಾತ್ರ ಥ್ಯಾಂಕ್ಸ್ ಹೇಳಿ, ಅವಳ ಕೆನ್ನೆಗೆ ಮುತ್ತಿಟ್ಟು ಹೋಗಿದ್ದ. ಉಂಡ ಮನೆಗೆ ಎರಡು ಬಗೆಯುವವರನ್ನು ನಾವು ಕಂಡಿಲ್ಲವೆಂದಲ್ಲ, ಆದರೆ ಅವರು ಬ್ಯಾಂಜೊ ನುಡಿಸಿಕೊಂಡು ಬರುತ್ತಿರಲಿಲ್ಲ.

ಕೊನೆಯ ಚರಣದಲ್ಲಿ ಅವನು ಬೆರಳುಗಳನ್ನೂ ಬಿಡಲಿಲ್ಲ. ಗೇಟು ತೆಗೆದ ಕೈಯ ಎರಡು ಬೆರಳನ್ನು ಮಗ್ಗ ಕಚ್ಚಿ ತಿಂದಿತು, ಇದು ದೇವರ ನ್ಯಾಯ ಎಂದು ಹಾಡಿ ಮುಗಿಸಿದ. ಮೂರು ನಾಲ್ಕು ಜನ ಚಪ್ಪಾಳೆ ತಟ್ಟಿ, ಉಳಿದವರು ತಟ್ಟದಿರುವುದನ್ನು ನೋಡಿ ನಿಲ್ಲಿಸಿದರು. ಇಮೊಜೀನ್ ಎದ್ದು ನಿಂತಳು.

"ನಮ್ಮಮ್ಮ ಗೇಟು ತೆಗೀಲಿಲ್ಲ, ಕೋಲ್ಬಿ. ಮುಚ್ಚಿ ಹಿಡ್ಕೊಂಡಿದ್ಲು."

ಕೋಲ್ಬಿ ಮೆತ್ತಗೆ ಮಾತಾಡಿದ. ಹಾಡಿನ ಯೂಲಾ ಒಂದು ಪಾತ್ರವಷ್ಟೆ, ಹನ್ನೆರಡು ಹಾಡಿನ ಕಥೆಯ ನಡುವೆ ಒಂದು ದ್ರೋಹ ಬೇಕೇ ಬೇಕಾಗುತ್ತದೆ ಎಂದ. ಆಮೇಲೆ, "ನಾನು ಕೇಳಿದ್ನಲ್ಲ, ಇಮೊಜೀನಮ್ಮ. ಸರಿ ಅನ್ಸಿದ ಹಾಗೆ ಮಾಡು ಅಂತ ನೀವೇ ತಾನೆ ಹೇಳಿದ್ದು?" ಎಂದ.

ಹಿಂದಿನ ಸಾಲಿನಲ್ಲಿ ಯಾರೋ ಹೆಂಗಸು ನಕ್ಕಳು. ಅದು ಒಳ್ಳೆಯ ನಗು ಆಗಿರಲಿಲ್ಲ.

"ನಿಮ್ಮ ತಾತ ಈ ಊರೋನು ತಾನೆ?" ಎಂದಳು ಇಮೊಜೀನ್. "ಆ ಮಾತಿಗೆ ಏನರ್ಥ ಅಂತ ಅವನ ಮೊಮ್ಮಗನಿಗೆ ನಾನು ಬಿಡಿಸಿ ಹೇಳ್ಬೇಕಾ?"

ಕೋಲ್ಬಿಯ ಕಿವಿ ಕೆಂಪಾಯಿತು. ಆಲ್ಬಮ್ ಅಚ್ಚಾಗಿ ಹೋಗಿದೆ, ಶುಕ್ರವಾರ ಹೊರಬರುತ್ತದೆ, ಈಗ ಏನೂ ಮಾಡಲಾಗದು ಎಂದ. ಒಂದಂತೂ ನಿಜ, ಇನ್ನು ಮೇಲೆ ಲಕ್ಷಾಂತರ ಜನ ಯೂಲಾಳ ಹೆಸರು ಹೇಳುತ್ತಾರೆ ಎಂದೂ ಸೇರಿಸಿದ.

"ಹೇಳ್ತಾರೆ. ಹೆಸರು ನಮ್ಮಮ್ಮಂದು, ಮಾಡಿದ ಕೆಲಸ ಇನ್ಯಾರದೋ. ಸತ್ತೋಳು ಎದ್ದು ಬಂದು ಅಲ್ಲ ಅನ್ನಕ್ಕಾಗಲ್ಲ ನೋಡು."

ಪಾದ್ರಿಗೆ ಗಲಾಟೆ ಎಂದರೆ ಆಗದು. ಊಟ ತಣ್ಣಗಾಗುತ್ತಿದೆ, ಮುಂದಿನ ಹಾಡು ಕೇಳೋಣ ಎಂದರು. ಕೋಲ್ಬಿ ಬದುಕಿದೆಯಾ ಬಡಜೀವವೇ ಎಂಬಂತೆ ಬ್ಯಾಂಜೊ ಎತ್ತಿಕೊಂಡು ನುಡಿಸಲು ಶುರುಮಾಡಿದ.

ಇಮೊಜೀನ್ ಮೇಜುಗಳ ನಡುವೆ ನಡೆದುಕೊಂಡು ಬಂದಳು. ಅವಳ ಮಂಡಿ ನೋವಿಗೆ ಅದು ದೂರದ ದಾರಿಯೇ. ಯಾರೂ ಏಳಲಿಲ್ಲ, ಯಾರೂ ಕರೆಯಲಿಲ್ಲ. ಅವನ ಮುಂದೆ ನಿಂತು, ಎಡಗೈಯ ಅಂಗೈಯನ್ನು ತಂತಿಗಳ ಮೇಲೆ ಒತ್ತಿ ಇಟ್ಟಳು. ಹಾಡು ಅಲ್ಲೇ ನಿಂತುಹೋಯಿತು.

"ಅಮ್ಮಾ, ಕೈ," ಎಂದ ಕೋಲ್ಬಿ, ಬಹಳ ಸಣ್ಣ ದನಿಯಲ್ಲಿ.

ದೊಡ್ಡವರ ಕೈಯನ್ನು ತಳ್ಳಬಾರದೆಂದು ಅವನಿಗೆ ಯಾರೋ ಕಲಿಸಿದ್ದರು, ಅಷ್ಟಾದರೂ ಕಲಿತಿದ್ದ. ಅವನು ಕಾದ. ತಂತಿಗಳು ಅಂಗೈಯನ್ನು ಕೊರೆಯುತ್ತಿದ್ದವು. ಅವಳು ಇನ್ನಷ್ಟು ಒತ್ತಿ ಹಿಡಿದಳು.