ಅಂಬುಬಾಯಿಯ ಕೈ ಕಟ್ಟಬೇಡಿ

ಹೊಳೆ ಏರುತ್ತಿದೆ, ಓಣಿ ಖಾಲಿ ಮಾಡಿ ಎಂದು ಪಂಚಾಯಿತಿಯ ಗಾಡಿ ಮೈಕಿನಲ್ಲಿ ಹೇಳಿಕೊಂಡು ಹೋದಾಗ ಬೆಳಿಗ್ಗೆ ಒಂಬತ್ತು ಗಂಟೆ. ಸೇಡಂ ತಾಲೂಕಿನ ಕಾಗಿಣಾ ದಂಡೆಯ ಊರುಗಳಿಗೆ ಇದು ಹೊಸದಲ್ಲ. ತಾಂಡೂರ ಕಡೆ ಎರಡು ದಿನ ಮಳೆ ಹಿಡಿದರೆ ಸಾಕು, ಇಲ್ಲಿ ಹೊಳೆ ಮನೆಬಾಗಿಲಿಗೆ ಬರುತ್ತದೆ. ಹತ್ತೂವರೆಯ ಹೊತ್ತಿಗೆ ಓಣಿಯ ಮೂವತ್ತು ಮನೆಯವರು ಹಾಸಿಗೆ, ಪಾತ್ರೆ, ಕೋಳಿ, ಮೇಕೆ ಹಿಡಿದುಕೊಂಡು ದಿನ್ನೆಯ ಮೇಲಿನ ಶಾಲೆಗೆ ಹೊರಟರು. ಅಲ್ಲಿ ಕಾಳಜಿ ಕೇಂದ್ರ ತೆರೆದಿದ್ದರು.

ಒಂದು ಮನೆಯವರು ಮಾತ್ರ ಹೊರಡಲಿಲ್ಲ.

ಅದು ಮಾಣಿಕಪ್ಪನ ಮನೆ. ಮಾಣಿಕಪ್ಪನಿಗೆ ಅರವತ್ತೆಂಟು. ಸೇತುವೆ ಆಗುವ ತನಕ ಮೂವತ್ತು ವರ್ಷ ಈ ಹೊಳೆಯಲ್ಲಿ ತೆಪ್ಪ ನಡೆಸಿದವನು. ಮಗ ಭಾಗಣ್ಣ ಶಹಾಬಾದಿನಿಂದ ನೆಲಕ್ಕೆ ಹಾಸುವ ಪರ್ಸಿ ಕಲ್ಲು ಸಾಗಿಸುವ ಲಾರಿಯ ಡ್ರೈವರ್. ಸೇತುವೆ ಮುಳುಗಿದ್ದರಿಂದ ಆಚೆ ದಂಡೆಯಲ್ಲೇ ಸಿಕ್ಕಿಕೊಂಡಿದ್ದ. ಸೊಸೆ ಸುಜಾತಾ ಗಂಟು ಕಟ್ಟಿ ಬಾಗಿಲಲ್ಲಿ ಇಟ್ಟು, ಮಾವನ ಮುಖ ನೋಡುತ್ತ ನಿಂತಿದ್ದಳು. ಹೆಂಡತಿ ಅಂಬುಬಾಯಿ ಒಳಗೆ ಕಾಲು ಚಾಚಿ ಕುಳಿತು, ಹರಿದ ಬಲೆಗೆ ಗಂಟು ಹಾಕುತ್ತಿದ್ದಳು. ಅವಳಿಗೆ ಮರೆವಿನ ಕಾಯಿಲೆ. ನಾಲ್ಕು ವರ್ಷದಿಂದ ಇವತ್ತು ಯಾವ ವಾರ, ಎದುರಿಗೆ ನಿಂತವರು ಯಾರು ಎಂಬುದು ತಿಳಿಯುವುದಿಲ್ಲ. ಬೆರಳಿಗೆ ಮಾತ್ರ ಬಲೆಯ ಗಂಟು ಮರೆತಿರಲಿಲ್ಲ.

ಗ್ರಾಮ ಆಡಳಿತಾಧಿಕಾರಿ ಅಶೋಕಕುಮಾರ ಕೊಡೆ ಹಿಡಿದು ಬಂದರು. ಊರವರು ಅವರನ್ನು ಈಗಲೂ ತಲಾಠಿ ಸಾಹೇಬರು ಎಂದೇ ಕರೆಯುತ್ತಾರೆ.

"ಕಾಕಾ, ಎಲ್ಲಾರೂ ಹೋದ್ರು. ನೀವ್ಯಾಕ ಇನ್ನಾ ಕುಂತೀರಿ?"

"ನಾ ಬರಂಗಿಲ್ರಿ ಸಾಹೇಬ್ರ. ನನ್ನ ಮನಿ, ನನ್ನ ಜೀವ. ನಿಮಗೇನು ತ್ರಾಸ ಅದರಿಂದ?"

"ಮ್ಯಾಲಿಂದ ಆರ್ಡರ್ ಅದ. ನೀವು ಏಳಲಿಲ್ಲಂದ್ರ ಪೊಲೀಸರನ್ನ ಕರಸಬೇಕಾಗ್ತದ."

"ಕರಸ್ರಿ. ಹೊತ್ಕೊಂಡು ಹೋಗ್ರಿ. ನನ್ನ ಕಾಲಿಲೆ ನಾ ಬರಂಗಿಲ್ಲ."

ಅಶೋಕಕುಮಾರ ಫೋನ್ ತೆಗೆದರು. ಅಷ್ಟರಲ್ಲಿ ಆಶಾ ಕಾರ್ಯಕರ್ತೆ ಶಿವಕಾಂತಮ್ಮ ಬಂದಳು. ಜೊತೆಗೆ ಶಾಲೆಯಿಂದ ವಾಪಸ್ ಬಂದ ಪಕ್ಕದ ಮನೆಯ ಮಾಶಾಬಿ ಇದ್ದಳು.

"ಸಾಹೇಬ್ರ, ಅರ್ಧಾ ತಾಸು ಕೊಡ್ರಿ ನನಗ," ಎಂದಳು ಶಿವಕಾಂತಮ್ಮ. ಅಶೋಕಕುಮಾರ ಹೊಳೆಯ ಕಡೆ ನೋಡಿದರು. ಹೆಂಗಸರು ಬಟ್ಟೆ ಒಗೆಯುವ ಬಂಡೆ ಆಗಲೇ ಮುಳುಗಿತ್ತು. "ಅರ್ಧಾ ತಾಸು ಅಂದ್ರ ಅರ್ಧಾನೇ," ಎಂದು ಸ್ವಲ್ಪ ದೂರ ಹೋಗಿ ನಿಂತರು.

ಶಿವಕಾಂತಮ್ಮ ಮಾಣಿಕಪ್ಪನ ಪಕ್ಕ ಒದ್ದೆ ಕಟ್ಟೆಯ ಮೇಲೆ ಕುಳಿತಳು.

"ಕಾಕಾ, ನೀವು ಹೊಳಿ ಬಲ್ಲವ್ರು. ಇದು ಎಲ್ಲಿ ತನ ಬರ್ತದಂತ ನಮಗಿಂತ ನಿಮಗ ಛಲೋ ಗೊತ್ತದ. ಆದ್ರೂ ಯಾಕ ಕುಂತೀರಿ?"

ಅವನು ಒಳಗೆ ಕುಳಿತ ಹೆಂಡತಿಯ ಕಡೆ ನೋಡಿದ. ಆಮೇಲೆ ಹೇಳಿದ. "ಹೋದ ಸಲ ಹೊಳಿ ಬಂದಾಗ ಸಾಲಿಗಿ ಹೋಗಿದ್ವಿ. ಮೇವು ತರಲಿಕ್ಕಂತ ನಾ ಹೊರಗ ಹೋಗಿದ್ದೆ, ಒಂದು ತಾಸು. ವಾಪಸ್ ಬಂದು ನೋಡ್ತೀನಿ, ಅಕಿನ ಎರಡೂ ಕೈ ಕಟ್ಯಾರ. ಕಂಬಕ್ಕ. ಅಕಿ ಅಳಲಿಕ್ಕತ್ತಿದ್ದಿಲ್ಲವ್ವ. ಅತ್ತಿದ್ರ ನನಗ ಇಷ್ಟು ತ್ರಾಸ ಆಗ್ತಿದ್ದಿಲ್ಲ. ಸುಮ್ಮ ಕುಂತಿದ್ಲು, ತಪ್ಪು ಮಾಡ್ದವ್ರ ಹಂಗ. ಅವತ್ತಿಂದ ಈ ಮನ್ಯಾಗ ಹಗ್ಗ ಕಂಡ್ರ ಕೈ ಸೆರಗಿನಾಗ ಮುಚ್ಚಿಕೊಳ್ತಾಳ. ಯಾಕಂತ ಅಕಿಗೂ ಗೊತ್ತಿಲ್ಲ."

ಸುಜಾತಾ ಗೋಡೆಯ ಕಡೆ ಮುಖ ತಿರುಗಿಸಿದಳು.

"ಕಾಕಾ," ಎಂದಳು ಶಿವಕಾಂತಮ್ಮ, "ಅವತ್ತು ಆ ಗಂಟು ಹಾಕಿದ್ದು ನಾನು."

ಮಾಣಿಕಪ್ಪ ಅವಳ ಕಡೆ ತಿರುಗಿದ.

"ಅವ್ವ ಎರಡು ಸಲ ನೀರಿನ ತನ ಹೋಗಿದ್ರು. ಹಿಡಕೊಂಡು ಬಂದ್ವಿ. ಮಂದಿಗಿ ಊಟಾ ನೀಡಬೇಕಿತ್ತು, ಒಬ್ಬ ಬಾಣಂತಿ ಇದ್ಲು. ನನಗ ಹೆದ್ರಿಕಿ ಆತು. ಕಟ್ಟಿದ್ರ ಜೀವಾ ಉಳೀತದಂತ ಕಟ್ಟಿದೆ. ಆಮ್ಯಾಲ ನಿಮಗ ಹೇಳೋ ಧೈರ್ಯಾ ಆಗ್ಲಿಲ್ಲ. ತಪ್ಪು ಮಾಡಿದೆ. ಮನಸ್ಸಿನ ಕಾಯಿಲಿ, ಮರವಿನ ಕಾಯಿಲಿ ಇದ್ದವ್ರನ್ನ ಹಂಗ ಕಟ್ಟಿಹಾಕಬಾರ್ದಂತ ಕಾನೂನೇ ಅದ. ಅದು ನನಗ ಟ್ರೈನಿಂಗ್‌ನಾಗ ಆಮ್ಯಾಲ ತಿಳೀತು. ಆದ್ರ ಅಕಿನ ಮುಖಾ ನೋಡಿದ್ರ ಅವತ್ತೇ ತಿಳೀಬೇಕಿತ್ತು."

ಮಳೆ ಸಣ್ಣಗೆ ಹನಿಯುತ್ತಿತ್ತು. ಮಾಣಿಕಪ್ಪ ಬಯ್ಯಲಿಲ್ಲ. "ನೀನಾ ಅದು," ಎಂದಷ್ಟೇ ಹೇಳಿ ತಲೆ ತಗ್ಗಿಸಿದ.

"ನಿಮ್ಮ ಸಿಟ್ಟು ನ್ಯಾಯದ್ದು ಕಾಕಾ. ಆದ್ರ ಒಂದು ಮಾತು ಕೇಳ್ರಿ. ನಿಮ್ಮ ಜೀವದ ಮ್ಯಾಲ ನಿಮಗ ಹಕ್ಕದ, ಇಲ್ಲನ್ನಂಗಿಲ್ಲ. ನೀರು ಎದಿಮಟ್ಟ ಬಂದಾಗ ಸುಜಾತಾ ಕೂಗಿದ್ರ ನಾವು ಕೇಳಿಸ್ಕೊಂಡು ಸುಮ್ಮ ಕುಂದ್ರತೀವೇನು? ದೋಣಿ ಇಳಸಬೇಕಾಗ್ತದ. ಅದ್ರಾಗ ನಾಕು ಮಂದಿ ಬರ್ತಾರ. ಇಂಥಾ ಸೆಳವಿನಾಗ ಹುಟ್ಟು ಹಾಕೋದು ಏನಂತ ಈ ಊರಾಗ ನಿಮ್ಮಷ್ಟು ಬಲ್ಲವ್ರು ಇಲ್ಲ. ಆ ನಾಕು ಮಂದಿ ಜೀವಾ ನಿಮ್ಮದಲ್ಲ ಕಾಕಾ. ಒಳಗ ಕುಂತಾಕಿನ ಜೀವಾನೂ ನಿಮ್ಮೊಬ್ರದಲ್ಲ."

ಮಾಣಿಕಪ್ಪ ಹೊಳೆ ನೋಡಿದ. ನೀರಿನ ಬಣ್ಣ, ಅದರ ಸುಳಿ, ತೇಲಿಬರುತ್ತಿದ್ದ ಜಾಲಿ ಕೊಂಬೆಗಳು ಅವನಿಗೆ ಅರ್ಥವಾಗದ್ದೇನಲ್ಲ.

"ಮತ್ತ ಅಕಿನ್ನ ಕಟ್ಟತೀರಿ," ಎಂದ ಮೆಲ್ಲಗೆ.

"ಇಲ್ಲ. ಓಣಿ ಬಿಡ್ರಿ ಅಂತ ಹೇಳೋ ಅಧಿಕಾರ ಸರ್ಕಾರಕ್ಕದ. ನಮ್ಮನ್ನ ಹ್ಯಾಂಗ ಇಟ್ಕೊಳ್ತೀರಿ ಅಂತ ಕೇಳೋ ಹಕ್ಕು ನಿಮಗದ. ಸಾಹೇಬ್ರು ಅಲ್ಲೇ ನಿಂತಾರ. ಕೇಳ್ರಿ."

ಮಾಣಿಕಪ್ಪ ಎದ್ದು ಅಶೋಕಕುಮಾರರ ಹತ್ತಿರ ಹೋದ. ತನ್ನ ಹೆಂಡತಿಗೆ ಗದ್ದಲ ಆಗುವುದಿಲ್ಲ, ಮಂದಿ ಜಾಸ್ತಿ ಆದರೆ ಎದ್ದು ಹೋಗುತ್ತಾಳೆ, ಅವಳನ್ನು ಬೇರೆ ಕೋಣೆಯಲ್ಲಿ ಇಡುತ್ತೀರಾ ಎಂದು ಕೇಳಿದ. ಅಶೋಕಕುಮಾರ ಮೊದಲು, "ಒಬ್ರಿಗೊಂದು ಖೋಲಿ ಅಂದ್ರ ಹ್ಯಾಂಗ ಕಾಕಾ, ಇನ್ನೂರು ಮಂದಿ ಅದಾರ," ಎಂದರು. ಆಮೇಲೆ ಸ್ವಲ್ಪ ಯೋಚಿಸಿ ಶಾಲೆಗೆ ಫೋನ್ ಮಾಡಿದರು. ಅಡುಗೆ ಕೋಣೆಯ ಪಕ್ಕ ಕಾಳಿನ ಚೀಲ ಇಡುವ ಸಣ್ಣ ಕೋಣೆ ಇತ್ತು. ಚೀಲ ಬೇರೆ ಕಡೆ ಇಡಿಸುತ್ತೇನೆ ಎಂದರು. ಪೊಲೀಸರನ್ನು ಕರೆಸುವ ಮಾತಾಡಿದ್ದಕ್ಕೆ ಅವರ ಮುಖ ಸ್ವಲ್ಪ ಸಣ್ಣದಾಗಿತ್ತು. "ನೀವು ಇದು ಮೊದಲೇ ಹೇಳಿದ್ರ..." ಎಂದು ಶುರು ಮಾಡಿ, "ನಾನೂ ಕೇಳಬೇಕಿತ್ತು ಬಿಡ್ರಿ," ಎಂದು ಮುಗಿಸಿದರು.

"ಹಗಲಿನಾಗ ನಾ ಕುಂದ್ರತೀನಿ ಅಕಿನ ಬಾಜೂಕ," ಎಂದಳು ಮಾಶಾಬಿ. "ನನಗೂ ಅಲ್ಲಿ ಏನ್ ಕಾಮ್ ಅದ?"

ಶಿವಕಾಂತಮ್ಮ ಒಳಗೆ ಹೋಗಿ ಅಂಬುಬಾಯಿಯ ಎದುರು ಕುಳಿತಳು. ಹೋಗಬೇಕೋ ಬೇಡವೋ ಎಂದು ಎಲ್ಲರೂ ಮಾಣಿಕಪ್ಪನನ್ನು ಕೇಳಿದ್ದರು. ಅವಳನ್ನು ಯಾರೂ ಕೇಳಿರಲಿಲ್ಲ.

"ಅವ್ವಾ, ಹೊಳಿ ಬರ್ಲಿಕತ್ತದ. ಸಾಲಿಗಿ ಹೋಗೋಣೇನ್ರಿ?"

ಅಂಬುಬಾಯಿ ಅವಳ ಮುಖವನ್ನು ತುಂಬ ಹೊತ್ತು ನೋಡಿದಳು. "ಬಲಿ ಅರ್ಧಾ ಆಗ್ಯದ," ಎಂದಳು.

"ಬಲಿ ತಗೊಂಡೇ ಹೋಗೋಣ."

"ಹಂಗಾದ್ರ ಬರ್ತೀನಿ."

ಬಲೆಯನ್ನು ಸುಜಾತಾ ಹೆಗಲ ಮೇಲೆ ಹಾಕಿಕೊಂಡಳು. ಮಾಣಿಕಪ್ಪ ಹೆಂಡತಿಯ ತೋಳು ಹಿಡಿದುಕೊಂಡ. ಅಶೋಕಕುಮಾರರ ಹಿಂದೆ ಐವರೂ ಕೆಸರಿನಲ್ಲಿ ದಿನ್ನೆ ಹತ್ತಿದರು.

ಮಧ್ಯಾಹ್ನದ ತನಕ ಎಲ್ಲ ಸರಿಯಾಗಿತ್ತು. ಸಣ್ಣ ಕೋಣೆಯಲ್ಲಿ ಅಂಬುಬಾಯಿ ಬಲೆ ಹೆಣೆದಳು. ಮಾಶಾಬಿ ಬಾಗಿಲಲ್ಲಿ ಕುಳಿತು ಅವಳ ಮಾತಿಗೆ ಹೂಂ ಅಂದಳು. ಮೂರು ಗಂಟೆಗೆ ಮಾಶಾಬಿ ನೀರು ಕುಡಿದು ಬರುವಷ್ಟರಲ್ಲಿ ಅಂಬುಬಾಯಿ ಕೋಣೆಯಲ್ಲಿ ಇರಲಿಲ್ಲ. ಶಾಲೆಯ ಗೇಟು ದಾಟಿ ಹೊಳೆಯ ದಾರಿ ಹಿಡಿದಿದ್ದಳು. ಮಾಣಿಕಪ್ಪ ಓಡಿಹೋಗಿ ಕೈ ಹಿಡಿದ. "ಭಾಗ್ಯಾ ಸಾಲಿ ಬಿಟ್ಟು ಬರೋ ಹೊತ್ತಾತು, ಅವಗ ಹೊಳಿ ದಾಟಸಬೇಕು," ಎಂದಳು ಅವಳು. ಮಗ ಭಾಗಣ್ಣ ಚಿಕ್ಕವನಿದ್ದ ಕಾಲದಲ್ಲಿ ಇದ್ದಳು ಅವಳು.

"ದಾಟಸೀನಿ. ಮನಿ ಮುಟ್ಯಾನ ಅವ," ಎಂದು ಹೇಳಿ ಮಾಣಿಕಪ್ಪ ನಿಧಾನ ಕರೆತಂದ.

ಅಂಗಳದಲ್ಲಿ ಮಂದಿ ಸೇರಿತು. ಒಳಗೆ ಹಾಕಿ ಕೋಣೆಯ ಚಿಲಕ ಹಾಕಿಬಿಡಿ ಎಂದರು ಒಬ್ಬರು. ಕಾಲಿಗಾದರೂ ಒಂದು ಪಟ್ಟಿ ಕಟ್ಟಿ, ಏನಾದರೂ ಆದರೆ ಯಾರು ಜವಾಬ್ದಾರಿ ಎಂದರು ಇನ್ನೊಬ್ಬರು. ಅವರದೂ ಸುಳ್ಳು ಹೆದರಿಕೆಯಲ್ಲ. ನೀರು ಓಣಿಯ ಅಂಚಿಗೆ ಬಂದಿತ್ತು. ಅಂಬುಬಾಯಿ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ಆ ದೊಡ್ಡ ಗೇಟಿಗಿ ಚಿಲಕ ಹಾಕ್ರಿ," ಎಂದ ಮಾಣಿಕಪ್ಪ. "ಅಕಿಗಿ ಹಾಕಬ್ಯಾಡ್ರಿ."

"ಒಬ್ಬಾಕಿ ಸಲುವಾಗಿ ಎಲ್ಲಾರೂ ಒಳಗ ಇರಬೇಕೇನು ಕಾಕಾ?" ಎಂದು ಕೇಳಿದವನು ಅಯ್ಯಪ್ಪ, ಕೋಡ್ಲಾದ ಕಾರ್ಖಾನೆಗೆ ಹೋಗಿಬರುವ ಹುಡುಗ. "ನನಗ ಡ್ಯೂಟಿ ಅದ."

"ಹೋಗಪ್ಪ. ಬಾಗಲದಾಗ ನಾನೇ ಕುಂದ್ರತೀನಿ. ಯಾರು ಬಂದ್ರೂ ತಗೀತೀನಿ, ಮತ್ತ ಹಾಕ್ತೀನಿ. ನಿನಗ ಒಂದು ಮಾತಿನ ತ್ರಾಸ. ಅಕಿಗಿ ಅಂಗಳ ತುಂಬ ಓಡಾಡೋ ಜಾಗಾ ಸಿಗ್ತದ." ತುಸು ತಡೆದು ಮತ್ತೆ ಹೇಳಿದ. "ಮುಂಜಾನಿ ನನಗೂ ನಿನ್ನಂಗೇ ಅನಿಸಿತ್ತು. ನಂದು ನನಗ, ಮಂದಿಗೇನು ಅಂತ."

ಅಯ್ಯಪ್ಪ ಹೋಗಿ ಗೇಟಿನ ಪಕ್ಕಕ್ಕೆ ಒಂದು ಕುರ್ಚಿ ತಂದಿಟ್ಟ. ಬೆಂಕಿ ಗಿಂಕಿ ಬಿದ್ದರೆ ಕಷ್ಟ, ಬೀಗ ಬೇಡ, ಬರೀ ಚಿಲಕ ಇರಲಿ, ಯಾವಾಗಲೂ ಒಬ್ಬರು ಇರಬೇಕು ಎಂದರು ಅಶೋಕಕುಮಾರ. ಸಂಜೆಯೊಳಗೆ ಐದಾರು ಮಂದಿ ಪಾಳಿ ಹಂಚಿಕೊಂಡರು. ಶಿವಕಾಂತಮ್ಮ ಭಾಗಣ್ಣನ ಫೋನ್ ನಂಬರನ್ನು ಒಂದು ಬಟ್ಟೆ ತುಂಡಿನ ಮೇಲೆ ಬರೆದು, ಅಂಬುಬಾಯಿಯನ್ನು ಕೇಳಿಯೇ ಅವಳ ಸೆರಗಿನ ಒಳಗೆ ಹೊಲಿದಳು.

ಐದು ಗಂಟೆಗೆ ಹೊಳೆ ಓಣಿಗೆ ನುಗ್ಗಿತು. ಮಾಣಿಕಪ್ಪನ ಮನೆಯ ಹಿಂದಿನ ಗೋಡೆ ಬಿದ್ದುಹೋಯಿತು. ಅಂಬುಬಾಯಿ ದಿನವೂ ಕುಳಿತುಕೊಳ್ಳುತ್ತಿದ್ದದ್ದು ಅದೇ ಗೋಡೆಗೆ ಒರಗಿ. ಸುದ್ದಿ ಕೇಳಿ ಸುಜಾತಾ ಅತ್ತೆಯನ್ನು ಅಪ್ಪಿಕೊಂಡು ಅತ್ತಳು. ಯಾಕೆ ಅಳುತ್ತೀ ಎಂದು ಅತ್ತೆ ಅವಳ ಬೆನ್ನು ಸವರಿದಳು.

ಮೂರು ದಿನ ಅವರು ಶಾಲೆಯಲ್ಲಿದ್ದರು. ಮೂರನೆಯ ದಿನ ಸೇತುವೆ ತೆರೆದು ಭಾಗಣ್ಣ ಬಂದಾಗ ಗೇಟಿನಲ್ಲಿ ಅವನಪ್ಪ ಕುಳಿತಿದ್ದ, ಅಂಗಳದಲ್ಲಿ ಅವ್ವ ಮಾಶಾಬಿಯ ಕೈ ಹಿಡಿದು ತಿರುಗಾಡುತ್ತಿದ್ದಳು. ಶಿವಕಾಂತಮ್ಮ ಊಟ ನೀಡುತ್ತಿದ್ದಳು. ಮಾಣಿಕಪ್ಪ ಅವಳನ್ನು ಕರೆದು, "ಮುಂದಿನ ಸಲ ಮೈಕ್ ಬರೋದ್ರಾಗ ನಾ ಸಾಲ್ಯಾಗ ಇರ್ತೀನಿ ಯವ್ವಾ," ಎಂದ. "ಆ ಸಣ್ಣ ಖೋಲಿ ಮಾತ್ರ ಖಾಲಿ ಇಡಸು."

ಓದುವ, ಕೇಳುವ ಅಕ್ಕ ಅಣ್ಣಂದಿರೇ, ಕಾಗಿಣಾ ದಂಡೆಯಲ್ಲಿರಲಿ, ಬೇರೆ ಹಳ್ಳದ ದಂಡೆಯಲ್ಲಿರಲಿ, ಓಣಿ ಬಿಡಿ ಎಂಬ ಸೂಚನೆ ಬಂದರೆ ತಡಮಾಡಬೇಡಿ. ನೀವು ಉಳಿದರೆ ನಿಮ್ಮನ್ನು ಹುಡುಕಿ ಬರುವವರ ಜೀವವೂ ನೀರಿಗಿಳಿಯುತ್ತದೆ. ಹೋದ ಮೇಲೆ ಮರ್ಯಾದೆಯಿಂದ ಇರುವುದು ನಿಮ್ಮ ಹಕ್ಕು. ನಿಮಗೇನು ಬೇಕೆಂದು ಬಾಯಿಬಿಟ್ಟು ಕೇಳಿ. ನೆರೆಯ ಸಹಾಯಕ್ಕೆ 1077ಕ್ಕೆ ಫೋನ್ ಮಾಡಿ. ಮನಸ್ಸಿನ ಕಾಯಿಲೆಯ ಬಗ್ಗೆ ಸಲಹೆ ಬೇಕಿದ್ದರೆ 14416 ಇದೆ. ಇನ್ನು ನಿಮ್ಮ ಓಣಿಯಲ್ಲಿ ಮರೆವಿನವರು, ಹಾಸಿಗೆ ಹಿಡಿದವರು, ಗದ್ದಲಕ್ಕೆ ಹೆದರುವವರು ಯಾರಿದ್ದಾರೆ? ಮಳೆಗಾಲ ಬರುವ ಮೊದಲೇ ಒಂದು ದಿನ ಅವರ ಮನೆಗೆ ಹೋಗಿ. ಅವರ ಎದುರು ಕುಳಿತು, ಅವರನ್ನೇ ಕೇಳಿ. ಉತ್ತರ ಬರಲು ಸ್ವಲ್ಪ ಹೊತ್ತು ಹಿಡಿಯಬಹುದು. ಕಾಯಿರಿ.