ಸುಡದ ಕೈ

ಓವನ್ನಿನಿಂದ ಕೇಕಿನ ಟ್ರೇ ತೆಗೆಯುವಾಗ ಹಿಡಿದ ಬಟ್ಟೆ ಜಾರಿ, ನನ್ನ ಬಲಗೈಯ ಅಂಚು ಕಾದ ತಗಡಿಗೆ ತಾಗಿಕೊಂಡಿತ್ತು. ನಾನು ಮಾತ್ರ ಮನೆಗೆ ಬಂದಿದ್ದ ದೊಡ್ಡಮ್ಮನ ಜೊತೆ ಈರುಳ್ಳಿ ಬೆಲೆಯ ಮಾತಾಡುತ್ತಾ ಆರಾಮಾಗಿ ನಿಂತಿದ್ದೆ.

"ಕೈ ಸುಡ್ತಿಲ್ವೇನೇ ಅರ್ಪಿತ?" ಎಂದರು ದೊಡ್ಡಮ್ಮ.

ನೋಡಿಕೊಂಡೆ. ಕಿರುಬೆರಳಿನ ಕೆಳಗೆ ಮಣಿಕಟ್ಟಿನವರೆಗೆ ಚರ್ಮ ಕೆಂಪಾಗಿತ್ತು. ಸುಡುವುದೇನೋ ಸುಟ್ಟಿತ್ತು, ನನಗೆ ಗೊತ್ತಾಗಿರಲಿಲ್ಲ ಅಷ್ಟೆ. ನಲ್ಲಿಯ ಕೆಳಗೆ ಕೈ ಹಿಡಿಯುವಷ್ಟರಲ್ಲಿ ದೊಡ್ಡಮ್ಮ ನನಗೇ ಕೈಮುಗಿದುಬಿಟ್ಟಿದ್ದರು. "ಅಮ್ಮ ನಿನ್ನ ಕೈಗೂ ಬಂದವ್ಳೆ ಕಣೆ," ಎಂದರು. ಅವರ ಕಣ್ಣಲ್ಲಿ ನೀರಾಡುತ್ತಿತ್ತು.

ಅವರು ಹಾಗೆ ಕೈಮುಗಿದದ್ದಕ್ಕೆ ಕಾರಣವಿದೆ. ನಮ್ಮದು ಉತ್ತರಹಳ್ಳಿ. ನಮ್ಮ ರಾಗಿ ಹೊಲ ಇದ್ದಲ್ಲಿ ಈಗ ದೊಡ್ಡಪ್ಪ ಕೆಂಪರಾಜು ಕಟ್ಟಿಸಿದ ಬಾಡಿಗೆ ಮನೆಗಳಿವೆ. ಪಕ್ಕದಲ್ಲಿ, ಮೊಬೈಲ್ ಅಂಗಡಿಗೂ ಬೇಕರಿಗೂ ನಡುವೆ, ನಮ್ಮ ಮನೆಯವರೇ ನೋಡಿಕೊಳ್ಳುವ ಮಾರಮ್ಮನ ಗುಡಿ. ಆಷಾಢದ ಕೊನೆಯ ಶುಕ್ರವಾರ ಅಲ್ಲಿ ಕೈಯಾರತಿ. ನನ್ನ ಅಜ್ಜಿ ಗೌರಮ್ಮ ತಟ್ಟೆಯಿಲ್ಲದೆ, ಬರಿ ಅಂಗೈ ಮೇಲೆ ಕರ್ಪೂರ ಹಚ್ಚಿ ಅಮ್ಮನಿಗೆ ಬೆಳಗುತ್ತಾಳೆ. ಉರಿದು ಮುಗಿಯುವವರೆಗೆ ಅವಳ ಮುಖದ ಒಂದು ಗೆರೆಯೂ ಅಲುಗುವುದಿಲ್ಲ. ಗೌರಮ್ಮನ ಕೈಯನ್ನು ಬೆಂಕಿ ಸುಡುವುದಿಲ್ಲ ಎಂಬುದು ಸುತ್ತಲೆಲ್ಲ ಹಬ್ಬಿದ ಮಾತು. ನಾನು ಮದುವೆಯಾಗಿ ವಸಂತಪುರದಲ್ಲಿದ್ದೇನೆ, ಮನೆಯಲ್ಲೇ ಕೇಕ್ ಮಾಡಿ ಮಾರುತ್ತೇನೆ. ನಮ್ಮಜ್ಜಿಯ ಮಹಿಮೆಯನ್ನು ನನ್ನ ಗಿರಾಕಿಗಳೇ ನನಗೆ ಹೇಳಿದ್ದುಂಟು.

ಅಜ್ಜಿಗೆ ಈಗ ನಿಲ್ಲುವುದೇ ಕಷ್ಟ. ಮುಂದೆ ಯಾರ ಕೈ ಎಂದು ಮನೆಯಲ್ಲಿ ಎಲ್ಲರಿಗೂ ಚಿಂತೆ. ದೊಡ್ಡಮ್ಮನ ಬಾಯಲ್ಲಿ ಮಾತು ನಿಲ್ಲುವುದುಂಟೇ? ಆ ಸಂಜೆಯೇ ದೊಡ್ಡಪ್ಪನ ಫೋನು ಬಂತು. "ಈ ಆಷಾಢಕ್ಕೆ ನೀನೇ ಬೆಳಗ್ಬೇಕು ಮಗಳೇ," ಎಂದರು.

ನನಗೆ ಮೂಗಿನ ತುದಿಯಲ್ಲೇ ಕೋಪ. ಆದರೂ ಅಂದು ತುಟಿ ಪಿಟಕ್ಕೆನ್ನಲಿಲ್ಲ, ಏಕೆಂದರೆ ಹೇಳಬೇಕಾದದ್ದು ದೊಡ್ಡಪ್ಪನಿಗೆ ಹೇಳುವಂಥದ್ದಲ್ಲ. ಇಲ್ಲಿ ಹೇಳಿಬಿಡುತ್ತೇನೆ. ನನ್ನ ಎದೆ ದೊಡ್ಡದು, ನನ್ನ ಮೈ ಹೊರಲಾರದಷ್ಟು ದೊಡ್ಡದು. ಹೈಸ್ಕೂಲಿನಲ್ಲಿ ಹುಡುಗರು ನಕ್ಕರು. ಮನೆಯ ಹೆಂಗಸರು "ಗೌರಮ್ಮಜ್ಜಿ ಮೈಕಟ್ಟು" ಎಂದು ದೃಷ್ಟಿ ತೆಗೆದರು. ಬ್ರಾ ಪಟ್ಟಿ ಎರಡೂ ಭುಜಗಳಲ್ಲಿ ಬೆರಳು ಕೂರುವಷ್ಟು ಹಳ್ಳ ಕೊರೆದಿತ್ತು. ಕತ್ತಿನಿಂದ ಮೊಣಕೈಗೆ, ಮೊಣಕೈಯಿಂದ ಬೆರಳಿಗೆ ಇಳಿಯುವ ನೋವಿಗೆ ಮಾತ್ರೆ, ಕುತ್ತಿಗೆ ಪಟ್ಟಿ, ಫಿಸಿಯೋಥೆರಪಿ ಎಲ್ಲ ಆಗಿತ್ತು. ಮೊದಲು ಜುಮುಜುಮು ಅನ್ನುತ್ತಿದ್ದ ಬೆರಳುಗಳು ಆಮೇಲೆ ಉರಿಯತೊಡಗಿದವು, ಈಗ ಕಿರುಬೆರಳು ನನ್ನದೇ ಅಲ್ಲವೆಂಬಂತಿತ್ತು. ಕೇಕಿನ ಮೇಲೆ ಕ್ರೀಮಿನ ಹೂವು ಬಿಡಿಸಲು ಹೋದರೆ ಕ್ರೀಮು ತುಂಬಿದ ಕೋನು ಕೈಯಿಂದ ಜಾರುತ್ತಿತ್ತು.

ಟ್ರೇ ತಾಗಿ ಕೈ ಸುಟ್ಟ ವಾರವೇ ಗಂಡ ಮನು ನನ್ನನ್ನು ಜಯನಗರದ ಸರ್ಜನ್ ಒಬ್ಬರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರ್ ಪ್ರಕೃತಿ ನರದ ಪರೀಕ್ಷೆಯ ವರದಿ ನೋಡಿದರು, ನನ್ನ ಭುಜದ ಹಳ್ಳ ನೋಡಿದರು.

"ಎದೆಯ ಭಾರ ಭುಜಾನ ಮುಂದಕ್ಕೆ, ಕೆಳಕ್ಕೆ ಎಳೀತಿದೆ. ಪಟ್ಟಿ ಮೇಲಿಂದ ಒತ್ತುತ್ತೆ. ಕೈಗೆ ಹೋಗೋ ನರಗಳು ಮಧ್ಯೆ ಸಿಕ್ಕಿಹಾಕ್ಕೊಂಡಿವೆ," ಎಂದರು. ಆಮೇಲೆ ನನ್ನ ಅಂಗೈ ಹಿಡಿದು, ಸೂಜಿಮೊನೆಯಿಂದ ಮೆಲ್ಲಗೆ ಚುಚ್ಚುತ್ತಾ ಹೋಗಿ, ನನಗೆ ಗೊತ್ತಾಗದ ಜಾಗಕ್ಕೆಲ್ಲ ನೀಲಿ ಪೆನ್ನಿನಲ್ಲಿ ಗೆರೆ ಎಳೆದರು. ಕಿರುಬೆರಳು, ಉಂಗುರ ಬೆರಳಿನ ಅರ್ಧ, ಅದರ ಕೆಳಗೆ ಅಂಗೈಯ ಹೊರಭಾಗ.

"ಎದೆ ಚಿಕ್ಕದು ಮಾಡೋ ಆಪರೇಷನ್ ಮಾಡಿದ್ರೆ ಒತ್ತಡ ಇಳಿಯುತ್ತೆ. ಸ್ಪರ್ಶ ಪೂರ್ತಿ ವಾಪಸ್ ಬರುತ್ತೆ ಅಂತ ಮಾತು ಕೊಡಲ್ಲ. ಆದ್ರೆ ತುಂಬಾ ತಡ ಮಾಡಿದ್ರೆ ಬರದೇನೂ ಹೋಗಬಹುದು. ಯೋಚ್ನೆ ಮಾಡಿ."

ಹೊರಗೆ ಬಂದು ಮನುವಿನ ಮುಖ ನೋಡಿದೆ. "ಆಪರೇಷನ್ ಅಂದ್ರೆ ನಂಗೆ ಭಯ," ಎಂದ. "ಆದ್ರೆ ನೋವು ತಿಂತಿರೋಳು ನೀನು. ನೀನು ಹೇಳಿದ ಹಾಗೆ." ಅವನನ್ನು ಮದುವೆಯಾದದ್ದು ಸಾರ್ಥಕವೆನಿಸಿತು. ಹಾಗೇ ಸ್ಕೂಟರನ್ನು ಉತ್ತರಹಳ್ಳಿಗೆ ತಿರುಗಿಸಲು ಹೇಳಿದೆ. ಅಂಗೈ ಮೇಲೆ ನೀಲಿ ಗೆರೆ ಇನ್ನೂ ಇತ್ತು.

ದೊಡ್ಡಪ್ಪನಿಗೆ ಮನುವೇ ಹೇಳಿದ. ಅವರು ಒರಗಿದ್ದ ಕುರ್ಚಿಯಿಂದ ಎದ್ದು ನಿಂತರು. "ಅಮ್ಮ ಕೊಟ್ಟಿದ್ದನ್ನ ಕೊಯ್ಸಾಕ್ತಾರಾ ಯಾರಾದ್ರೂ? ಕೈಗೆ ಅವಳು ಬಂದಿರೋ ಹೊತ್ನಲ್ಲಿ?"

"ಕೈಗೆ ಬಂದಿರೋದು ನರದ ಕಾಯಿಲೆ ದೊಡ್ಡಪ್ಪ," ಎಂದೆ. ಕೋಪ ಕೊನೆಗೂ ನೆತ್ತಿಗೇರಿತ್ತು. "ನಂಗೆ ನನ್ನ ಬೆರಳು ಬೇಕು."

"ಕೆಂಪ," ಎಂದು ಒಳಗಿನಿಂದ ಅಜ್ಜಿಯ ದನಿ ಬಂತು. "ಅವಳ್ನ ಇಲ್ಲಿ ಕಳ್ಸು. ಕದ ಹಾಕ್ಕಂಡು ಬಾ ಅನ್ನು."

ಅಜ್ಜಿ ಮಂಚದ ಮೇಲೆ ಕೂತಿದ್ದಳು. ಬಲಗೈ ಎಂದಿನಂತೆ ಸೆರಗಿನೊಳಗಿತ್ತು. ಅವಳು ಬೈದರೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಸಿದ್ಧ ಮಾಡಿಕೊಂಡು ಬಂದಿದ್ದೆ. ಅಜ್ಜಿ ಬೈಯಲಿಲ್ಲ. "ಕೈ ತೋರ್ಸು," ಎಂದಳು. ತೋರಿಸಿದೆ. ನೀಲಿ ಗೆರೆಯ ಮೇಲೆ ಅವಳ ಕಣ್ಣು ಮೆಲ್ಲಗೆ ಓಡಾಡಿತು.

"ಇದ್ಯಾರು ಬರ್ದಿದ್ದು?"

"ಡಾಕ್ಟ್ರು. ಅಷ್ಟು ಜಾಗ ನಂಗೆ ಗೊತ್ತಾಗಲ್ಲ ಅಜ್ಜಿ."

ಅಜ್ಜಿ ಸೆರಗಿನಿಂದ ಕೈ ಹೊರತೆಗೆದು ನನ್ನ ಕೈಯ ಪಕ್ಕ ಬಿಡಿಸಿಟ್ಟಳು. ಆ ಅಂಗೈಯನ್ನು ನಾನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಕೈಯಾರತಿ ಮುಗಿದೊಡನೆ ಅದು ಸೆರಗಿನೊಳಗೆ ಸೇರುತ್ತಿತ್ತು, ಅಮ್ಮನ ಕೈಯನ್ನು ಯಾರೂ ಮುಟ್ಟಬಾರದೆಂಬ ಮಡಿ ಬೇರೆ. ಅಲ್ಲಿ ಹಳೆಯ ಸುಟ್ಟ ಕಲೆಗಳಿದ್ದವು, ಒಂದರ ಮೇಲೊಂದು ಬಿದ್ದು ಚರ್ಮ ಗಟ್ಟಿಯಾಗಿ ಹೊಳೆಯುತ್ತಿತ್ತು. ಕಿರುಬೆರಳಿನ ಕೆಳಗೆ, ಅಂಗೈಯ ಹೊರಭಾಗದಲ್ಲಿ. ನನ್ನ ಕೈ ಮೇಲೆ ಡಾಕ್ಟರ್ ಗೆರೆ ಹಾಕಿದ ಅದೇ ಜಾಗ.

ಚಿಕ್ಕಂದಿನಿಂದ ನೋಡಿದ್ದೆ: ಅಜ್ಜಿ ಕರ್ಪೂರವನ್ನು ಅಂಗೈ ನಡುವೆ ಇಡುತ್ತಿರಲಿಲ್ಲ, ಕೈಯನ್ನು ಸ್ವಲ್ಪ ವಾಲಿಸಿ ಅಂಚಿನಲ್ಲಿಡುತ್ತಿದ್ದಳು. ಅದೊಂದು ಶಾಸ್ತ್ರವೆಂದೇ ನಾವೆಲ್ಲ ತಿಳಿದಿದ್ದೆವು.

ಅಜ್ಜಿ ರವಿಕೆಯ ಮೇಲಿನ ಗುಂಡಿ ಬಿಚ್ಚಿ ಭುಜ ಸರಿಸಿದಳು. ಒಳಗೆ, ಎದೆಯ ಕೆಳಗಿನಿಂದ ಹಾದು ಭುಜದ ಮೇಲೆ ಗಂಟು ಹಾಕಿದ ಹಳೆ ಸೀರೆಯ ಪಟ್ಟಿ. ಅದನ್ನು ಎತ್ತಿದಳು. ಕೆಳಗಿದ್ದ ಹಳ್ಳ ನನ್ನದಕ್ಕಿಂತ ಆಳವಾಗಿತ್ತು.

"ಕೆಂಪ ಹುಟ್ಟಿದ್ ಮೇಲೆ ಶುರುವಾಯ್ತು," ಎಂದಳು. "ಭಾರ ತಡೀನಾರ್ದೆ ಹಿಂಗ್ ಕಟ್ಕಂತಿದ್ದೆ. ಕೈ ಸತ್ತೋಯ್ತು. ಒಂದಿನ ಒಲೆ ಮೇಲಿನ ಪಾತ್ರೆ ಬರಿಗೈಲಿ ಇಳ್ಸಿದ್ದು ನಮ್ಮತ್ತೆ ನೋಡಿದ್ರು. ಕಾಲಿಗ್ ಬಿದ್ಬಿಟ್ರು. ಅಲ್ಲೀಗಂಟ ನನ್ನ ಹೊಡೀತಿದ್ದೋರು ಅವ್ರು."

"ಸುಡ್ತಿತ್ತಲ್ಲ ಅಜ್ಜಿ?"

"ಬೊಬ್ಬೆ ಬರೋದು. ರಾತ್ರಿಯೆಲ್ಲ ಕೀವು. ಸೆರಗಲ್ಲಿ ಮುಚ್ಕಂತಿದ್ದೆ." ಅವಳು ಪಟ್ಟಿಯನ್ನು ಮತ್ತೆ ಭುಜದ ಮೇಲೆ ಸರಿಮಾಡಿಕೊಂಡಳು. "ನೋವು ಅಂದಿದ್ರೆ ಯಾರ್ ಕೇಳ್ತಿದ್ರು? ಅಮ್ಮ ಬಂದವ್ಳೆ ಅಂದ್ರು, ಎಲ್ರೂ ಕೇಳಿದ್ರು. ನಿಮ್ಮಪ್ಪನ್ನ ಇಸ್ಕೂಲಿಂದ ಬಿಡ್ಸಿ ದನಕ್ಕೆ ಹಾಕ್ತೀವಿ ಅಂದಾಗ, ಬ್ಯಾಡ ಅಂತ ಈ ಕೈ ಎತ್ತಿದ್ದೆ. ಯಾರೂ ಉಸ್ರೆತ್ತಲಿಲ್ಲ."

ಅಪ್ಪ ಓದಿ ಮೇಷ್ಟ್ರಾದದ್ದು, ನನ್ನನ್ನು ಓದಿಸಿದ್ದು, ಎಲ್ಲಕ್ಕೂ ಹಿಂದೆ ಆ ಸತ್ತ ಕೈ ಇತ್ತು. ದೇವರ ಮುಂದೆ ನಿಂತಾಗಲೂ ನನಗೆ ಅಂಥ ಭಯಭಕ್ತಿ ಆಗಿರಲಿಲ್ಲ. ಅವಳ ಪಾದ ಮುಟ್ಟಿದೆ. ಅಜ್ಜಿ ನನ್ನ ತಲೆಯ ಮೇಲೆ ಕೈಯಿಟ್ಟು, "ಮಾರಮ್ಮ ಸುಳ್ಳು ಅಂದ್ಕಬ್ಯಾಡ ಕಣಮ್ಮಿ," ಎಂದಳು. "ಇಷ್ಟು ವರ್ಸ ನನ್ನ ನಡೆಸ್ದೋಳು ಅವ್ಳೇ."

ಆಷಾಢದ ಆ ಶುಕ್ರವಾರ ಗುಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಹೊಸ ಕೈ ನೋಡಲು ಅರೆಕೆರೆಯ ನೆಂಟರೂ ಬಂದಿದ್ದರು. ದೊಡ್ಡಪ್ಪ ಕರ್ಪೂರ ಹಿಡಿದು ನನ್ನ ಕಡೆ ನೋಡಿದರು. ಬೆಳಗುವುದಿಲ್ಲ ಎಂದು ಹೇಳಲು ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಕುರ್ಚಿಯಿಂದ ಎದ್ದಳು. ಸೆರಗಿನಿಂದ ಬಲಗೈ ತೆಗೆದಳು, ಅಮ್ಮನ ಕಡೆಗಲ್ಲ, ಜನರ ಕಡೆಗೆ ತಿರುಗಿ ಬಿಡಿಸಿ ಹಿಡಿದಳು.

"ನೋಡ್ಕಳಿ," ಎಂದಳು. "ಸುಡ್ತಿತ್ತು. ನಂಗೆ ಗೊತ್ತಾಗ್ತಿರ್ಲಿಲ್ಲ ಅಷ್ಟೆ. ಭಾರ ಹೊತ್ತೂ ಹೊತ್ತೂ ನರ ಸತ್ತಿತ್ತು. ಇನ್ಮೇಲೆ ಅಮ್ಮಂಗೆ ತಟ್ಟೇಲಿ ಬೆಳಗಿ. ನನ್ ಮೊಮ್ಮಗಳು ಆಪ್ರೇಸನ್ ಮಾಡಿಸ್ಕಂತಾಳೆ. ಅವಳ್ ಕೈ ಅವಳಿಗಿರಲಿ."

ಹೂ ಮಾರುವ ಮಂಗಮ್ಮ ಮುಂದೆ ಬಂದು, ಮಡಿಯನ್ನೂ ಲೆಕ್ಕಿಸದೆ, ಆ ಕಲೆಗಟ್ಟಿದ ಕೈಯನ್ನು ಹಿಡಿದು ಕಣ್ಣಿಗೊತ್ತಿಕೊಂಡಳು. ಅವಳ ಹಿಂದೆ ಇನ್ನೊಬ್ಬಳು, ಆಮೇಲೆ ಮತ್ತೊಬ್ಬಳು. ದೊಡ್ಡಪ್ಪ ತುಂಬ ಹೊತ್ತು ತಾಯಿಯ ಕೈಯನ್ನೇ ನೋಡುತ್ತಾ ನಿಂತಿದ್ದರು. ಕೊನೆಗೆ ಅವರೇ ಹಿತ್ತಾಳೆ ತಟ್ಟೆ ತಂದು, ಅದರ ಮೇಲೆ ಕರ್ಪೂರವಿಟ್ಟು ಕಡ್ಡಿ ಗೀರಿದರು.

ಶ್ರಾವಣದಲ್ಲಿ ಆಪರೇಷನ್ ಆಯಿತು. ಎಚ್ಚರವಾದಾಗ ಹೊಲಿಗೆಗಳು ಉರಿಯುತ್ತಿದ್ದವು, ಭುಜಗಳು ಮಾತ್ರ ನನ್ನವಲ್ಲವೆಂಬಷ್ಟು ಹಗುರವಾಗಿದ್ದವು. ಬೆರಳುಗಳು ತಕ್ಷಣ ಬರಲಿಲ್ಲ. ದಸರಾ ಕಳೆದ ಮೇಲೆ ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದಾಗ ಕಿರುಬೆರಳು ಚುರುಕ್ಕೆಂದಿತು. ನಾನು ಲೋಟ ಕೆಳಗಿಡದೆ ಅಡುಗೆಮನೆಯಲ್ಲಿ ನಿಂತೇ ಅತ್ತೆ.

ಅಂದೇ ಉತ್ತರಹಳ್ಳಿಗೆ ಹೋದೆ. ಅಜ್ಜಿ ಮಂಚದ ಮೇಲಿಂದ ಕೈ ಚಾಚಿದಳು. ನನ್ನ ಕಿರುಬೆರಳನ್ನು ತನ್ನ ಕೈಯೊಳಗೆ ತೆಗೆದುಕೊಂಡು ಒತ್ತಿದಳು.

"ಗೊತ್ತಾಯ್ತದಾ?"

"ಗೊತ್ತಾಗುತ್ತೆ ಅಜ್ಜಿ."

"ಏನ್ ಗೊತ್ತಾಯ್ತದೆ?"

ನಾನು ಹೇಳಿದೆ: "ನಿನ್ನ ಕೈ ಬೆಚ್ಚಗಿದೆ."

ಅಜ್ಜಿ ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು. "ಹೌದಾ," ಎಂದಳು. "ನಂಗೆ ಗೊತ್ತೇ ಇರ್ಲಿಲ್ಲ."